ಎಂಟು ಬೈ ಆರು ಅಡಿ ಇಂಪನಾ

ರಾತ್ರಿ ಹನ್ನೊಂದೂಕಾಲಿಗೆ ದಿಂಬಿನ ಕೆಳಗಿದ್ದ ಫೋನು ‘ಟಿಣ್’ ಎಂದಿತು. ಸಣ್ಣ ಸದ್ದು. ಪಕ್ಕದಲ್ಲಿ ಮಲಗಿದ್ದ ತಾಯಿ ಈಶ್ವರಮ್ಮ ಮಗ್ಗುಲನ್ನೂ ಬದಲಿಸಲಿಲ್ಲ. ಆದರೆ ಇಂಪನಾಳಿಗೆ ಯಾವ ಸದ್ದೂ ಸಣ್ಣದಲ್ಲ. ಬಚ್ಚಿಟ್ಟುಕೊಂಡು ಬದುಕುವವರ ಕಿವಿಯೇ ಹಾಗೆ. ಅಡುಗೆಮನೆಯಲ್ಲಿ ಲೋಟ ಬಿದ್ದರೂ ತಮ್ಮ ಗುಟ್ಟೇ ಬಿತ್ತೇನೋ ಎಂದು ಬೆಚ್ಚುತ್ತದೆ.

ಹೊದಿಕೆಯೊಳಗೆ ತಲೆ ಹುದುಗಿಸಿ ನೋಡಿದಳು. ಅಂಗಡಿಯ ಮಾಲೀಕ ಜಯಕುಮಾರ್ ಕಳಿಸಿದ್ದ. ‘ಅರ್ಜೆಂಟ್. ಎಂಟು ಬೈ ಆರು. ನಾಳೆ ಮಧ್ಯಾಹ್ನ ಡೆಲಿವರಿ. ಒಂಬತ್ತಕ್ಕೆ ಬಾ.’ ಅದರ ಕೆಳಗೆ ಒಂದು ಫೋಟೋ. ಕಪ್ಪು ಗೌನು, ಚೌಕದ ಟೋಪಿ, ಕೈಯಲ್ಲಿ ಸುರುಳಿ ಸುತ್ತಿದ ಕಾಗದ. ಜಗತ್ತೆಲ್ಲ ತನಗಾಗಿಯೇ ಬಾಗಿಲು ತೆರೆದು ಕಾದಿದೆ ಎನ್ನುವಂತೆ ನಗುತ್ತಿರುವ ಒಬ್ಬ ಹುಡುಗಿ. ಯಾರಪ್ಪಾ ಈ ಪೆದ್ದಿ ಎಂದುಕೊಂಡ ಇಂಪನಾಳಿಗೆ ಮೂರು ಸೆಕೆಂಡು ಬೇಕಾಯಿತು. ಅದು ಅವಳೇ. ಮೂರು ವರ್ಷದ ಹಿಂದಿನ ಅವಳು.

ಫೋಟೋದ ಜೊತೆಗೆ ಕೈಬರಹದ ಚೀಟಿ ಇತ್ತು. ‘ನ್ಯೂ ಟೌನ್ ನಿವಾಸಿಗಳ ಸಂಘ, ಭದ್ರಾವತಿ. ಭಾನುವಾರ ಸಂಜೆ ನಾಲ್ಕಕ್ಕೆ, ಸಮುದಾಯ ಭವನ. ಕಂಪ್ಯೂಟರ್ ಸೈನ್ಸ್ ಓದಿದವರಿಗೆ ತೆರೆದಿರುವ ಉದ್ಯೋಗ ಕ್ಷೇತ್ರಗಳು. ವಿಶೇಷ ಉಪನ್ಯಾಸ: ಅಂತಾರಾಷ್ಟ್ರೀಯ ಕಂಪನಿಯ ಹೆಸರಾಂತ ಸಾಫ್ಟ್‌ವೇರ್ ಇಂಜಿನಿಯರ್ ಕುಮಾರಿ ಇಂಪನಾ, ಬಿ.ಇ.’

ನಾಳೆ ತಾನು ಉಪನ್ಯಾಸ ಕೊಡಲಿದ್ದೇನೆಂಬ ಸಂಗತಿ ಇಂಪನಾಳಿಗೆ ತಿಳಿದದ್ದು ಹೀಗೆ. ಅದರ ಫ್ಲೆಕ್ಸು ಮಾಡುವ ಆರ್ಡರು ತನಗೇ ಬಂದಾಗ.

ಏಕೆಂದರೆ ಆ ಅಂತಾರಾಷ್ಟ್ರೀಯ ಕಂಪನಿ ಶಿವಮೊಗ್ಗದ ನೆಹರೂ ರಸ್ತೆಯ ಪಕ್ಕದ ಗಲ್ಲಿಯಲ್ಲಿ, ಬೇಕರಿಯ ಮಹಡಿಯ ಮೇಲೆ ಇದ್ದ ಒಂದು ಫ್ಲೆಕ್ಸ್ ಅಂಗಡಿ. ಅಲ್ಲಿ ಒಂದೂವರೆ ವರ್ಷದಿಂದ ಅವಳು ಹುಟ್ಟುಹಬ್ಬದವರಿಗೆ ಬಣ್ಣ ಏರಿಸುತ್ತ, ಮುಖಂಡರ ಬೋಳುತಲೆಗೆ ಕೂದಲು ನಾಟಿ ಮಾಡುತ್ತ, ಸತ್ತವರ ಹಿಂದೆ ಮೋಡ ಹರಡುತ್ತ ಕೂತಿದ್ದಳು. ಮನೆಯಲ್ಲಿ ಅವಳು ಸುಳ್ಳು ಹೇಳಿದವಳಲ್ಲ. ಪದಗಳನ್ನು ತೂಗಿ ಹೇಳಿದ್ದಳು, ಅಷ್ಟೆ. “ಗ್ರಾಫಿಕ್ಸ್ ಕಂಪನಿ ಅಪ್ಪಾ. ಇಮೇಜ್ ಪ್ರೊಸೆಸಿಂಗ್. ನಮ್ಮ ಕ್ಲೈಂಟುಗಳಲ್ಲಿ ದೊಡ್ಡ ದೊಡ್ಡ ಮುಖಂಡರೆಲ್ಲ ಇದ್ದಾರೆ.” ಒಂದೊಂದು ಮಾತೂ ನಿಜ. ಒಮ್ಮೆ ಮಾತ್ರ ಪ್ರಿಂಟಿಂಗ್ ಮಷೀನು ಚೀನಾದಿಂದ ಬಂದದ್ದೆಂದು ಬಾಯಿತಪ್ಪಿ ಹೇಳಿದ್ದಳು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ರೇನ್ ನಡೆಸಿ ನಿವೃತ್ತನಾದ ತಂದೆ ಪುಟ್ಟಯ್ಯ ಅದನ್ನು “ಫಾರಿನ್ ಕೊಲಾಬರೇಶನ್” ಎಂದು ಬೀದಿಗೆ ಮುಟ್ಟಿಸಿದ. ಸಂಘದ ಅಧ್ಯಕ್ಷ, ಮಾಜಿ ಫೋರ್‌ಮನ್ ಸುಬ್ಬಪ್ಪ ಅದನ್ನು ಚೀಟಿಯಲ್ಲಿ “ಅಂತಾರಾಷ್ಟ್ರೀಯ” ಮಾಡಿದ್ದರು.

ಜಯಕುಮಾರನಿಗೆ ಗುರುತು ಸಿಗಲಿಲ್ಲವೇ? ಸಿಕ್ಕಿರಲಿಲ್ಲ. ಅವನು ಫೋಟೋದಲ್ಲಿ ಮುಖ ನೋಡುವವನಲ್ಲ, ಅಳತೆ ನೋಡುವವನು. ಹೆಸರೂ ಅಷ್ಟೆ. ಅಂಗಡಿಯಲ್ಲಿ ಅವಳಿಗೆ ಹೆಸರಿರಲಿಲ್ಲ. “ವರ್ಷಕ್ಕೊಬ್ರು ಬದಲಾಗ್ತೀರ, ನೆನಪಿಟ್ಕೊಂಡು ಏನ್ಮಾಡ್ಲಿ” ಎಂದು ಅವನು ಎಲ್ಲ ಡಿಸೈನರುಗಳನ್ನೂ ‘ಡಿಸೈನು’ ಎಂದೇ ಕರೆಯುತ್ತಿದ್ದ.

ಬೆಳಿಗ್ಗೆ ಪುಟ್ಟಯ್ಯ ಹೊಸ ಬನಿಯನ್ ಹಾಕಿಕೊಂಡು ಮದುಮಗನಂತೆ ಓಡಾಡುತ್ತಿದ್ದ.

“ಮಗಳೇ, ಸಂಜೆ ನಾಲ್ಕಕ್ಕೆ ಮನೇಲಿರಬೇಕು. ಯಾಕೆ ಅಂತ ಕೇಳಬೇಡ.”

ಇಂಪನಾ ಕೇಳಲಿಲ್ಲ. ಕೇಳದಿದ್ದರೆ ಅನುಮಾನ ಬರಬಹುದೆಂದು ಹೊಳೆದು, “ಯಾಕಪ್ಪಾ?” ಎಂದಳು.

“ಕೇಳಬೇಡ ಅಂದ್ನಲ್ಲ! ಒಳ್ಳೇ ಸೀರೆ ಉಟ್ಕೋ. ಮತ್ತೆ... ಹತ್ತು ಜನರ ಮುಂದೆ ಮಾತಾಡೋ ಹಾಗೆ ಗಂಟಲು ಸರಿಯಾಗಿಟ್ಕೋ.” ಗುಟ್ಟನ್ನು ಇಷ್ಟು ಕಾಪಾಡಿದ್ದೇ ಅವನಿಗೆ ಸುಸ್ತಾಗಿತ್ತು.

ಆ ಮುಖ ನೋಡಿ ಅವಳಿಗೆ ಅನ್ನಿಸಿತು: ಈಗಲೇ ಹೇಳಿಬಿಡಬೇಕು. ಅಪ್ಪಾ, ನಾನು ಇಂಜಿನಿಯರ್ ಅಲ್ಲ, ಡಿಸೈನು. ಅಷ್ಟರಲ್ಲಿ ಪುಟ್ಟಯ್ಯ ಅವಳ ಚಪ್ಪಲಿಯ ಕಿತ್ತ ಬಾರಿಗೆ ತಾನೇ ಅಂಟು ಹಾಕಿ ಬಿಸಿಲಿಗಿಟ್ಟದ್ದು ಕಂಡಿತು.

“ಆಫೀಸಲ್ಲಿ ಅರ್ಜೆಂಟ್ ಡೆಲಿವರಿ ಇದೆಯಪ್ಪಾ. ಹೋಗಿ ಮೂರರೊಳಗೆ ಬರ್ತೀನಿ” ಎಂದಳು. ಇದೂ ನಿಜವೇ.

ಬಸ್ ಸ್ಟಾಪಿನಲ್ಲಿ ಪಕ್ಕದ ಮನೆಯ ವಿಶಾಲಮ್ಮ ತರಕಾರಿ ಚೀಲದೊಂದಿಗೆ ನಿಂತಿದ್ದರು. ಹಿಂದೆ ಮಗ ಯೋಗೇಶ್. ಅವನೂ ಕಂಪ್ಯೂಟರ್ ಸೈನ್ಸೇ, ಹೋದ ವರ್ಷ ಮುಗಿಸಿ ಮನೆಯಲ್ಲಿದ್ದ. ತಾಯಿಯ ಚೀಲ ಹೊರುವುದೇ ಸದ್ಯ ಅವನ ಉದ್ಯೋಗ ಕ್ಷೇತ್ರ.

“ನೋಡೋ, ನೋಡ್ಕೋ! ಭಾನುವಾರನೂ ಕೆಲಸಕ್ಕೆ ಕರೀತಾರೆ ಅಂದ್ರೆ ಅವಳಿಲ್ದೆ ಕಂಪನಿ ನಿಂತೇ ಹೋಗುತ್ತೆ ಅಂತ ಅರ್ಥ. ನಿನ್ನ ಯಾರಾದ್ರೂ ಸೋಮವಾರನಾದ್ರೂ ಕರೀತಾರೇನೋ?”

ಯೋಗೇಶ್ ಬದನೆಕಾಯಿಗಳ ಕಡೆ ತಲೆ ತಗ್ಗಿಸಿದ. ಇಂಪನಾ ಅವನಿಗಿಂತ ಒಂದಿಂಚು ಹೆಚ್ಚೇ ತಗ್ಗಿಸಿದಳು.

ಅಂಗಡಿಯಲ್ಲಿ ಪ್ರಿಂಟಿಂಗ್ ಮಷೀನಿನ ಭೂತಪ್ಪ ಆಗಲೇ ಇಂಕು ತುಂಬಿ ಕೂತಿದ್ದ. “ಏ ಡಿಸೈನು, ಬೇಗ ಕೊಡವ್ವಾ. ಮಧ್ಯಾಹ್ನ ಬೀಗರೂಟ ಇದೆ ನಂಗೆ” ಎಂದ.

ಫ್ಲೆಕ್ಸಿನ ಅಂಗಡಿಯಲ್ಲಿ ಯಾರೂ ಖಾಲಿ ಹಾಳೆಯಿಂದ ಶುರುಮಾಡುವುದಿಲ್ಲ. ನಿನ್ನೆಯದನ್ನು ತೆರೆದು ಮುಖ ಬದಲಿಸುತ್ತಾರೆ. ನಿನ್ನೆ ಸಂಜೆ ಅವಳು ಮಾಡಿದ್ದು ಹೊಳೆಹೊನ್ನೂರಿನ ಸಿದ್ದಯ್ಯ ಎಂಬ ಹಿರಿಯರ ಶ್ರದ್ಧಾಂಜಲಿ. ಅದೂ ಎಂಟು ಬೈ ಆರೇ. ಅದನ್ನೇ ತೆರೆದಳು. ಸಿದ್ದಯ್ಯನವರನ್ನು ತೆಗೆದಳು, ದೀಪಗಳನ್ನು ಆರಿಸಿದಳು, ಮೋಡಗಳಿಗೆ ನೀಲಿ ಬಳಿದು ‘ತಂತ್ರಜ್ಞಾನ’ದ ಹಾಗೆ ಕಾಣುವಂತೆ ಮಾಡಿದಳು. ನಡುವೆ ತನ್ನನ್ನು ಕೂರಿಸಿದಳು. ತನ್ನ ಮುಖವನ್ನು ತಾನೇ ಬೆಳ್ಳಗೆ ಮಾಡುವಾಗ ಕಿವಿ ಬಿಸಿಯಾಯಿತು. ನೋಡಲಾಗದೆ ಪರದೆಯನ್ನು ಹಿಗ್ಗಿಸಿ, ಮುಖ ಆಚೆ ಸರಿದುಹೋಗುವಂತೆ ಮಾಡಿ, ಬರೀ ಅಕ್ಷರಗಳ ಮೇಲೆ ಕೆಲಸ ಮಾಡಿದಳು.

‘ಅಂತಾರಾಷ್ಟ್ರೀಯ’ ಎಂದು ಟೈಪಿಸಲು ಬೆರಳು ಬರಲಿಲ್ಲ. ‘ಗ್ರಾಫಿಕ್ಸ್ ಇಂಜಿನಿಯರ್’ ಎಂದಷ್ಟೇ ಹಾಕಿ, ಅಂಗಡಿಯ ಫೋನಿನಿಂದ ಸುಬ್ಬಪ್ಪನವರಿಗೆ ಮಾದರಿ ಕಳಿಸಿದಳು. ಎರಡೇ ನಿಮಿಷಕ್ಕೆ ಅವರ ಧ್ವನಿ ಸಂದೇಶ ಬಂತು.

“ಏನ್ರೀ, ನಾನು ಬರೆದಿದ್ದನ್ನ ಕಮ್ಮಿ ಮಾಡೋಕೆ ನೀವ್ಯಾರ್ರೀ? ಅಂತಾರಾಷ್ಟ್ರೀಯ ಹಾಕಿ, ಹೆಸರಾಂತ ಹಾಕಿ. ಜೊತೆಗೆ ‘ಭದ್ರಾವತಿಯ ಹೆಮ್ಮೆಯ ಪುತ್ರಿ’ ಅಂತಾನೂ ಹಾಕಿ. ಆ ಹುಡುಗಿ ಎಂಥವಳು ಅಂತ ನಿಮಗೇನು ಗೊತ್ತು!”

‘ಓಕೆ ಸಾರ್’ ಎಂದು ಇಂಪನಾ ಟೈಪಿಸಿದಳು.

ಕೆಳಗಡೆ ಸಂಘದ ಹದಿನಾಲ್ಕು ಪದಾಧಿಕಾರಿಗಳ ಮುಖಗಳನ್ನು ಲಾಡಿನ ಹಾಗೆ ದುಂಡಗೆ ಕತ್ತರಿಸಿ ಒಂದು ಪಟ್ಟಿಯಲ್ಲಿ ಜೋಡಿಸಿದಳು. ಹನ್ನೆರಡು ಗಂಟೆಗೆ ಒಪ್ಪಿಗೆ ಬಂತು. ಹನ್ನೆರಡೂವರೆಗೆ ಮತ್ತೆ ಧ್ವನಿ.

“ಒಂದು ತಪ್ಪಾಯ್ತು ನೋಡಿ. ಸ್ಟೇಜಿನ ಮೇಲೆ ಕ್ರೋಟನ್ ಕುಂಡ ಇಡ್ತೀವಿ. ನನ್ನ ಮುಖ ಎಲೆ ಸಂದೀಲಿ ಮುಚ್ಚಿಹೋಗುತ್ತೆ. ಆ ಸಾಲನ್ನ ಇಡೀ ಒಂದಡಿ ಮೇಲಕ್ಕೆ ತನ್ನಿ.”

ಭೂತಪ್ಪ ಬೀಗರೂಟಕ್ಕೆ ಬಾಚಣಿಗೆ ಹಿಡಿದು ನಿಂತಿದ್ದ. ಅವಳ ಬಸ್ಸಿಗೂ ಹೊತ್ತಾಗಿತ್ತು. ಸಾಲನ್ನು ಒಂದಡಿ ಮೇಲೆ ಎಳೆದು, ಒಟ್ಟಾರೆ ಹೇಗೆ ಕಾಣುತ್ತದೆಂದು ನೋಡಬೇಕಿತ್ತು. ನೋಡಿದರೆ ಆ ನಗುವ ಹುಡುಗಿಯನ್ನೂ ನೋಡಬೇಕಲ್ಲ. ನೋಡದೆಯೇ ಪ್ರಿಂಟಿಗೆ ಕಳಿಸಿದಳು.

ಭೂತಪ್ಪ ಪ್ರಿಂಟಾದದ್ದನ್ನು ಎಂದೂ ಓದುವವನಲ್ಲ. ಸುರುಳಿ ಸುತ್ತಿ, ದಾರ ಕಟ್ಟಿ ಅವಳ ಕೈಗೇ ಕೊಟ್ಟ. “ನೀನು ಭದ್ರಾವತಿ ಕಡೆಯವಳೇ ಅಲ್ವಾ? ಬಸ್ಸಿನ ಡ್ರೈವರ್ ಕೈಗೆ ಕೊಡೋದು ಯಾಕೆ, ನೀನೇ ತಗೊಂಡ್ಹೋಗವ್ವಾ.”

ಆರಡಿ ಉದ್ದದ ತನ್ನನ್ನು ತಾನೇ ಹೆಗಲ ಮೇಲೆ ಹೊತ್ತು ಇಂಪನಾ ಬಸ್ಸು ಹತ್ತಿದಳು. ಒಂದೊಂದು ಬ್ರೇಕಿಗೂ ಅದು ಮುಂದಿನ ಸೀಟಿನ ಮುದುಕರೊಬ್ಬರ ತಲೆಗೆ ತಾಗುತ್ತಿತ್ತು. “ಏನಮ್ಮಾ ಇದು, ನೆಲಕ್ಕೆ ಹಾಸೋ ಲಿನೋಲಿಯಮ್ಮಾ?” ಎಂದರು ಅವರು. “ಹೂಂ” ಎಂದಳು. ದಿನದ ಮೊದಲ ಸುಳ್ಳು. ನ್ಯೂ ಟೌನಿಗೆ ಒಂದು ಸ್ಟಾಪು ಮೊದಲೇ ಇಳಿದು, ಅಪರಿಚಿತ ಆಟೋದವನ ಕೈಗೆ ಸುರುಳಿ ಕೊಟ್ಟು, “ಸಮುದಾಯ ಭವನದಲ್ಲಿ ಸುಬ್ಬಪ್ಪ ಅಂತ ಇರ್ತಾರೆ, ಫ್ಲೆಕ್ಸ್ ಅಂಗಡಿಯಿಂದ ಅಂತ ಹೇಳಿ” ಎಂದು ಕಳಿಸಿ, ಕಳ್ಳರಂತೆ ಹಿಂದಿನ ಬೀದಿಯಿಂದ ಮನೆ ಸೇರಿದಳು.

ನಾಲ್ಕು ಗಂಟೆಗೆ ಪುಟ್ಟಯ್ಯ ಅವಳ ಕಣ್ಣು ಮುಚ್ಚುವುದೊಂದು ಬಾಕಿ. “ಎಲ್ಲಿಗೆ ಕರ್ಕೊಂಡು ಹೋಗ್ತಿದೀನಿ ಹೇಳು ನೋಡೋಣ?” ಎನ್ನುತ್ತ ಭವನದ ಬಾಗಿಲಿಗೆ ತಂದು ನಿಲ್ಲಿಸಿದ. ಒಳಗೆ ಎಂಬತ್ತು ಕುರ್ಚಿ, ಅರ್ಧದಷ್ಟು ಮಕ್ಕಳು, ಅರ್ಧ ಅಪ್ಪ ಅಮ್ಮಂದಿರು. ಇಂಪನಾ ಬಾಯಿ ತೆರೆದು, ಎದೆ ಮುಟ್ಟಿಕೊಂಡು, ಆಶ್ಚರ್ಯ ಪಡಬೇಕಾದಷ್ಟನ್ನೂ ಪಟ್ಟಳು. ನಂತರ ವೇದಿಕೆಯ ಕಡೆ ನೋಡಿದಳು. ಈ ಸಲದ ಆಶ್ಚರ್ಯ ನಿಜವಾದದ್ದು.

ಕ್ರೋಟನ್ ಕುಂಡಗಳು ಬಂದಿರಲಿಲ್ಲ. ಮಾಲಿ ನರ್ಸರಿಗೆ ಬೀಗ ಹಾಕಿಕೊಂಡು ಯಾವುದೋ ಮದುವೆಗೆ ಹೋಗಿದ್ದ. ಹೀಗಾಗಿ ಫ್ಲೆಕ್ಸು ತುದಿಯಿಂದ ತುದಿಗೆ ನಿಚ್ಚಳವಾಗಿ ಕಾಣುತ್ತಿತ್ತು. ನಗುತ್ತಿರುವ ಇಂಪನಾ. ಕೆಳಗೆ ನಗುತ್ತಿರುವ ಹದಿನಾಲ್ಕು ಮುಖಗಳು. ಆ ಮುಖಗಳು ಇಂದು ಹನ್ನೆರಡೂವರೆಯವರೆಗೆ ಮುಚ್ಚಿಕೊಂಡಿದ್ದ ಜಾಗದಲ್ಲಿ ಸಿದ್ದಯ್ಯನವರ ಮನೆಯವರು ಬರೆಸಿದ್ದ ಸಾಲು, ಗೇಣೆತ್ತರದ ಅಕ್ಷರಗಳಲ್ಲಿ:

‘ಮತ್ತೆ ಹುಟ್ಟಿ ಬನ್ನಿ. ದುಃಖತಪ್ತ ಬಂಧು ಮಿತ್ರರು.’

ಯಾರೂ ಇನ್ನೂ ಗಮನಿಸಿರಲಿಲ್ಲ. ಸುಬ್ಬಪ್ಪ ತಮ್ಮ ಮುಖವನ್ನು ಗಮನಿಸುತ್ತಿದ್ದರು, ಉಳಿದ ಹದಿಮೂರು ಮಂದಿ ತಂತಮ್ಮದನ್ನು. ಇಂಪನಾ ‘ಹೇಗಾದರೂ ಮಾಡಿ ಅದರ ಮುಂದೆ ನಿಂತುಬಿಡೋಣ’ ಎಂದುಕೊಂಡು ಎರಡು ಹೆಜ್ಜೆ ಇಟ್ಟಳಷ್ಟೆ, ಬಾಗಿಲಲ್ಲಿ ಆರ್ತನಾದ ಕೇಳಿತು.

“ಅಯ್ಯೋ ಕಂದಾ! ಶುಕ್ರವಾರ ತಾನೇ ಬಸ್ಸಲ್ಲಿ ನೋಡಿದ್ನಲ್ಲೇ! ಈಶ್ವರಮ್ಮಾ, ಏನಾಯ್ತೇ ಮಾರಾಯ್ತಿ, ಒಂದು ಮಾತು ಹೇಳಿ ಕಳಿಸಬಾರದಿತ್ತೇನೇ!” ಮೂರನೇ ಬೀದಿಯ ಜಲಜಮ್ಮ. ಚಪ್ಪಲಿ ಹೊರಗೇ ಬಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು, ಜೊತೆಗೆ ಬಂದಿದ್ದ ತಾಯಿ ಈಶ್ವರಮ್ಮನನ್ನು ತಬ್ಬಿಕೊಂಡರು.

“ಏಯ್, ಅವಳು ಇಲ್ಲೇ ನಿಂತಿದಾಳಲ್ಲ!” ಎಂದರು ಈಶ್ವರಮ್ಮ ಬೆವೆತು.

ಜಲಜಮ್ಮ ತಿರುಗಿ ಇಂಪನಾಳನ್ನು ನೋಡಿ ಇನ್ನೊಮ್ಮೆ ಕಿರುಚಿದರು. ಈ ಸಲದ್ದು ಭಯದಿಂದ.

ಆಗ ಎಲ್ಲರೂ ಓದಿದರು. ಭವನದಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. “ನನ್ನ ಮಗಳಿಗೆ... ಬದುಕಿರೋ ಮಗಳಿಗೆ...” ಎನ್ನುತ್ತ ಪುಟ್ಟಯ್ಯ ಕುರ್ಚಿಯ ಮೇಲೆ ಕೂತ. ಅದನ್ನು ನೋಡಿದಾಗ ಇಂಪನಾಳಿಗೆ ಆ ಸಾಲು ನಿಜವಾಗಿಬಿಟ್ಟರೂ ಚಿಂತೆಯಿಲ್ಲ ಅನ್ನಿಸಿತು.

“ಮೊದಲು ಅದನ್ನ ಮುಚ್ರೋ!” ಎಂದು ವಿಶಾಲಮ್ಮ ಮುನ್ನುಗ್ಗಿದರು. ಅತಿಥಿಗೆಂದು ತಂದಿದ್ದ ಚೆಂಡುಹೂವಿನ ದೊಡ್ಡ ಹಾರವನ್ನು ಫ್ಲೆಕ್ಸಿನ ಎರಡು ತುದಿಗೆ ಕಟ್ಟಿ ಇಳಿಬಿಟ್ಟರು. ಹಾರ ಆ ಸಾಲಿನವರೆಗೆ ಮುಟ್ಟಲೇ ಇಲ್ಲ. ಇಂಪನಾಳ ಫೋಟೋದ ಕೊರಳಿಗೆ ಸರಿಯಾಗಿ ಬಂದು ನಿಂತಿತು. ತಡವಾಗಿ ಬಂದ ಇಬ್ಬರು ಬಾಗಿಲಲ್ಲೇ ಕೈಮುಗಿದು ಒಂದು ನಿಮಿಷ ಮೌನವಾಗಿ ನಿಂತರು.

ಸುಬ್ಬಪ್ಪ ಕೆಂಪಗಾಗಿದ್ದರು. ಫೋನು ತೆಗೆದು, ಎಲ್ಲರಿಗೂ ನ್ಯಾಯ ಕೇಳಿಸಲೆಂದು ಮೈಕಿನ ಬಾಯಿಗೇ ಹಿಡಿದು ಜಯಕುಮಾರನಿಗೆ ಕರೆ ಮಾಡಿದರು. “ಏನ್ರೀ, ಬದುಕಿರೋ ಹುಡುಗಿಗೆ ಶ್ರದ್ಧಾಂಜಲಿ ಹಾಕ್ತೀರಾ? ನಾವು ಹದಿನಾಲ್ಕು ಜನ ಹಲ್ಲು ಕಿರಿದುಕೊಂಡು ದುಃಖತಪ್ತರಾಗಿದೀವಿ ಇಲ್ಲಿ!”

ಜಯಕುಮಾರನ ಧ್ವನಿ ಭವನದ ತುಂಬ ನಡುಗಿತು. “ಅಯ್ಯೋ ಸಾರ್, ಕಾಲಿಗೆ ಬೀಳ್ತೀನಿ. ಆ ಡಿಸೈನು ಮಾಡಿರೋ ಕೆಲಸ ಅದು. ನಾನು ಇಲ್ಲೇ ಭದ್ರಾವತಿ ಹತ್ರಾನೇ ಇದೀನಿ, ಈಗಲೇ ಬಂದೆ. ಅದಕ್ಕೂ ಮೊದಲು ಅವಳಿಗೊಂದು ಫೋನ್ ಹಾಕಿ ಉಗೀತೀನಿ ತಡೀರಿ.”

ಲೈನು ಕಟ್ಟಾಯಿತು. ಅಷ್ಟರಲ್ಲಿ ವೇದಿಕೆ ಹತ್ತಿದ್ದ ಇಂಪನಾಳ ಕೈಚೀಲದೊಳಗೆ ಫೋನು ಬಡಿದುಕೊಳ್ಳತೊಡಗಿತು.

ಎಂಬತ್ತು ಜನ ಅವಳ ಕೈಚೀಲ ನೋಡಿದರು. ಅವಳು ಕರೆ ಕತ್ತರಿಸಿ, “ಆಫೀಸಿಂದ” ಎಂದಳು.

“ನೋಡಿ, ನೋಡಿ! ಭಾನುವಾರ ಸಂಜೆನೂ ಬಿಡಲ್ಲ ಅಂತಾರೆ” ಎಂದು ವಿಶಾಲಮ್ಮ ಯೋಗೇಶನ ಪಕ್ಕೆಗೆ ತಿವಿದರು.

ಜಯಕುಮಾರ್ ಬರುವುದರೊಳಗೆ ಮುಗಿಸಿ ಓಡಿಬಿಡಬೇಕೆಂದು ಇಂಪನಾ ಮೈಕು ಹಿಡಿದಳು. ಹಾರ ಹಾಕಿದ ತನ್ನ ಫೋಟೋಗೆ ಬೆನ್ನು ಮಾಡಿ, ಕಂಪ್ಯೂಟರ್ ಸೈನ್ಸ್ ಓದಿದವರಿಗೆ ತೆರೆದಿರುವ ಕ್ಷೇತ್ರಗಳನ್ನು ಹೇಳತೊಡಗಿದಳು. ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ, ಕ್ಲೌಡ್, ಟೆಸ್ಟಿಂಗ್, ಗೇಮ್ ತಯಾರಿಕೆ. ತಯಾರಿಯೇ ಬೇಕಾಗಲಿಲ್ಲ. ಒಂದೊಂದಕ್ಕೂ ಏನು ಓದಬೇಕು, ಎಷ್ಟು ಸುತ್ತಿನ ಸಂದರ್ಶನ, ಯಾವ ಸುತ್ತಿನಲ್ಲಿ ಏನು ಕೇಳುತ್ತಾರೆ ಎಲ್ಲ ಅವಳಿಗೆ ಬಾಯಿಪಾಠ. ಆ ಒಂದೊಂದು ಬಾಗಿಲನ್ನೂ ತಟ್ಟಿ ‘ವಿಷಾದಿಸುತ್ತೇವೆ’ ಎಂಬ ಉತ್ತರ ಪಡೆದು ಬಂದವಳಲ್ಲವೇ. ಮಕ್ಕಳು ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು. ಪುಟ್ಟಯ್ಯ ಚೇತರಿಸಿಕೊಂಡು ಎದೆಯುಬ್ಬಿಸಿ ಕೂತ. ಅವನು ಉಬ್ಬಿದಷ್ಟೂ ಅವಳ ದನಿ ಕುಗ್ಗುತ್ತಿತ್ತು.

ಪ್ರಶ್ನೆಗಳು ಬಂದವು. “ಇದ್ರಲ್ಲಿ ಯಾವುದಕ್ಕಮ್ಮಾ ಕ್ವಾರ್ಟರ್ಸ್ ಕೊಡ್ತಾರೆ?” ಎಂದರು ಹಿಂದಿನ ಸಾಲಿನ ನಿವೃತ್ತರು. “ಎ ಶಿಫ್ಟಾ, ಬಿ ಶಿಫ್ಟಾ?” ಎಂದರು ಅವರ ಪಕ್ಕದವರು. “ಸೈಬರ್ ಸೆಕ್ಯುರಿಟಿಗೆ ಯೂನಿಫಾರಂ ಅವರೇ ಹೊಲಿಸಿ ಕೊಡ್ತಾರೋ?” ಎಂದರು ಜಲಜಮ್ಮ, ಇನ್ನೂ ಅವಳನ್ನು ಪೂರ್ತಿ ನಂಬದ ಕಣ್ಣಲ್ಲಿ ನೋಡುತ್ತ.

ಉತ್ತರ ಕೊಡುವಷ್ಟರಲ್ಲಿ ಹೊರಗೆ ಬೈಕು ನಿಂತ ಸದ್ದಾಯಿತು.

ಜಯಕುಮಾರ್ ಹೆಲ್ಮೆಟ್ಟು ಬಗಲಲ್ಲಿಟ್ಟುಕೊಂಡು, ಕೈಮುಗಿದುಕೊಂಡೇ ಒಳಗೆ ಬಂದ. ಫ್ಲೆಕ್ಸು ನೋಡಿದ. ಜೀವನದಲ್ಲಿ ಮೊದಲ ಬಾರಿಗೆ, ಅಳತೆ ಬಿಟ್ಟು ಮುಖ ನೋಡಿದ. ಆಮೇಲೆ ಅದರ ಕೆಳಗೆ ಮೈಕು ಹಿಡಿದು ನಿಂತ ಮುಖ ನೋಡಿದ. ಮತ್ತೆ ಮೇಲೆ, ಮತ್ತೆ ಕೆಳಗೆ. ಅವನ ಬಾಯಿ “ಡಿ...” ಎಂದು ತೆರೆದುಕೊಂಡಿತು.

ಇಂಪನಾ ಕಣ್ಣಲ್ಲೇ ಮೊದಲ ಸಾಲಿನಲ್ಲಿ ಕೂತಿದ್ದ ಅಪ್ಪನನ್ನು ತೋರಿಸಿದಳು. ಹೊಸ ಬನಿಯನ್ನಿನ ಮೇಲೆ ಇಸ್ತ್ರಿ ಮಾಡಿದ ಅಂಗಿ. ಜೇಬಿನಲ್ಲಿ, ಎಲ್ಲರಿಗೂ ತೋರಿಸಲೆಂದು ತಂದ ಅವಳ ಪದವಿ ದಿನದ ಫೋಟೋ.

ಜಯಕುಮಾರ್ ಕೆಟ್ಟವನಲ್ಲ. ತೆರೆದ ಬಾಯನ್ನು ಮುಚ್ಚಿಕೊಂಡ.

“ಎಲ್ಲಿ ರೀ ಆ ಡಿಸೈನು?” ಗುಡುಗಿದರು ಸುಬ್ಬಪ್ಪ. “ಅವಳ ಹೆಸರೇನು? ಕರೆಸಿ ಇಲ್ಲಿಗೆ. ಈ ಹುಡುಗಿ ಮುಂದೆ ನಿಂತು ಕ್ಷಮೆ ಕೇಳ್ಲಿ!”

“ಅದು... ಸಾರ್...” ಜಯಕುಮಾರ್ ಬೆವರು ಒರೆಸಿಕೊಂಡ. ಅವಳ ಮಾನ ಉಳಿಸಲು ಅವನಿಗೆ ಹೊಳೆದ ದಾರಿ ಒಂದೇ. “ಕರೆಸೋಕಾಗಲ್ಲ ಸಾರ್. ಅವಳನ್ನ ಕೆಲಸದಿಂದ ತೆಗೆದು ಹಾಕಿದೆ. ಈಗ, ಈ ಕ್ಷಣದಿಂದ, ಅವಳು ನಮ್ಮ ಅಂಗಡೀಲಿ ಇಲ್ಲ.”

ಭವನ ಚಪ್ಪಾಳೆಯಿಂದ ತುಂಬಿಹೋಯಿತು. ಎಲ್ಲರಿಗಿಂತ ಜೋರಾಗಿ ಹೊಡೆದವನು ಪುಟ್ಟಯ್ಯ. ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲವೆಂದು ಇಂಪನಾ ಕೂಡ ಮೈಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಾಲ್ಕು ಚಪ್ಪಾಳೆ ತಟ್ಟಿದಳು.

ಚಪ್ಪಾಳೆ ನಿಲ್ಲುವ ಮೊದಲೇ ವಿಶಾಲಮ್ಮ ಎದ್ದಿದ್ದರು. “ಹಂಗಾದ್ರೆ ಅವಳ ಜಾಗ ಖಾಲಿ ಆಯ್ತಲ್ಲ? ನನ್ನ ಮಗನೂ ಕಂಪ್ಯೂಟರ್ರೇ ಓದಿರೋದು. ಏಳೋ ಯೋಗೇಶ!”

ಯೋಗೇಶ್ ಕುರ್ಚಿಗೆ ಅಂಟಿಕೊಂಡ. “ಅಮ್ಮಾ, ಫ್ಲೆಕ್ಸ್ ಅಂಗಡಿ ಅಮ್ಮಾ. ಇಂಜಿನಿಯರಿಂಗ್ ಓದಿ...”

“ಅದೂ ಸರಿಯೇ” ಎಂದ ಜಯಕುಮಾರ್, ಇಂಪನಾಳ ಕಡೆ ನೋಡದೆ. “ಇಂಜಿನಿಯರುಗಳು ನಮ್ಮಂಥ ಕಡೆ ಬರ್ತಾರಾ.”

“ಜಗಳ ಯಾಕೆ, ತಿಳಿದವರು ಇಲ್ಲೇ ಇದ್ದಾರಲ್ಲ!” ಸುಬ್ಬಪ್ಪ ಅವಳತ್ತ ತಿರುಗಿದರು. “ನೀನೇ ಹೇಳು ಮಗಳೇ. ಇವತ್ತು ಇಷ್ಟು ಕ್ಷೇತ್ರ ಹೇಳ್ದೆ. ಈ ಫ್ಲೆಕ್ಸ್ ಡಿಸೈನು ಅನ್ನೋದು ಕಂಪ್ಯೂಟರ್ ಓದಿದವರು ಮಾಡೋ ಕೆಲಸವೋ ಅಲ್ವೋ? ಮರ್ಯಾದಸ್ಥರ ಕೆಲಸವೋ ಅಲ್ವೋ?”

ಬೆಳಿಗ್ಗೆ ಬದನೆಕಾಯಿಗಳ ಕಡೆ ತಗ್ಗಿಸಿದ್ದ ತಲೆಯನ್ನೆತ್ತಿ ಯೋಗೇಶ್ ಅವಳನ್ನೇ ನೋಡುತ್ತಿದ್ದ. ‘ಅಲ್ಲ’ ಎಂದರೆ ಅವಳ ಜಾಗ ಖಾಲಿಯಾಗಿಯೇ ಉಳಿಯುತ್ತದೆ. ನ್ಯೂ ಟೌನ್ ಇದನ್ನೆಲ್ಲ ಮರೆತ ಮೇಲೆ ಜಯಕುಮಾರನ ಕಾಲು ಹಿಡಿದು ಮತ್ತೆ ಸೇರಬಹುದು. ಒಂದು ಶಬ್ದ, ಅಷ್ಟೆ.

ಆದರೆ ‘ಮರ್ಯಾದಸ್ಥರ ಕೆಲಸವಲ್ಲ’ ಎಂದು ತನ್ನ ಬಾಯಿಂದಲೇ ಹೇಳುವುದು ಅವಳಿಂದಾಗಲಿಲ್ಲ. ಒಂದೂವರೆ ವರ್ಷದಲ್ಲಿ ಮೊದಲ ಸಲ ಪದಗಳನ್ನು ತೂಗದೆ ಮಾತಾಡಿದಳು.

“ಕೆಲಸವೇ ಸಾರ್. ಒಳ್ಳೇ ಕೆಲಸ. ಪರದೆ ಮೇಲಿನ ಬಣ್ಣ ಬೇರೆ, ಫ್ಲೆಕ್ಸ್ ಮೇಲೆ ಬೀಳೋ ಬಣ್ಣ ಬೇರೆ. ಆ ಅಂದಾಜು ಬರೋಕೇ ಆರು ತಿಂಗಳು ಬೇಕು. ಯಾರದ್ದೋ ಹಳೇ ಪಡಿತರ ಚೀಟಿಯ ಮಸುಕು ಫೋಟೋ ತರ್ತಾರೆ, ಸತ್ತುಹೋದ ತಾಯಿದು. ಇನ್ನೊಂದು ಫೋಟೋನೇ ಇರಲ್ಲ. ಅದ್ರಲ್ಲಿ ಕಣ್ಣು ತೆರೆಸಬೇಕು, ಮೂಗುತಿ ಬಿಡಿಸಬೇಕು. ಪ್ರಿಂಟಾಗಿ ಬಂದಾಗ ‘ಹೌದು, ನಮ್ಮಮ್ಮನೇ’ ಅಂತ ಅಳ್ತಾರೆ. ಸಾಯಂಕಾಲಕ್ಕೆ ಕಣ್ಣು ಉರಿಯುತ್ತೆ, ಕುರ್ಚಿಗೆ ಒಂದು ದಿಂಬು ತಗೊಂಡು ಹೋಗಬೇಕು. ಆದ್ರೆ ನಾಚಿಕೆ ಪಡೋ ಕೆಲಸ ಅಲ್ಲ.”

ಕೊನೆಯ ಮಾತು ಹೇಳುವಾಗ ನಾಚಿಕೆಯಿಂದ ಅವಳ ಕತ್ತು ಕೆಂಪಾಗಿತ್ತು.

“ಅಬ್ಬಾ!” ಸುಬ್ಬಪ್ಪ ಮೂಗಿನ ಮೇಲೆ ಬೆರಳಿಟ್ಟರು. “ತನಗೆ ಸಂಬಂಧವೇ ಇಲ್ಲದ ಕೆಲಸ. ಅದರ ಒಳಹೊರಗೆಲ್ಲ ತಿಳ್ಕೊಂಡಿದ್ದಾಳೆ ನೋಡಿ! ಅಂತಾರಾಷ್ಟ್ರೀಯ ಅಂತ ನಾನು ಸುಮ್ನೆ ಬರೆಸಿದ್ನಾ?”

ಯೋಗೇಶ್ ಎದ್ದು ನಿಂತ. “ನಾನು ಬರ್ತೀನಿ ಸಾರ್, ನಾಳೆಯಿಂದಲೇ.” ಮತ್ತೆ ಚಪ್ಪಾಳೆ.

ಟೀ, ಖಾರದ ಮಂಡಕ್ಕಿ ಹಂಚುವಾಗ ಜಯಕುಮಾರ್ ಮೆಲ್ಲಗೆ ಪಕ್ಕಕ್ಕೆ ಬಂದ. ಹೇಗೆ ಮಾತಾಡಿಸಬೇಕೆಂದು ತಿಳಿಯದೆ ಲೋಟ ತಿರುಗಿಸಿದ. “ತಪ್ಪು ತಿಳ್ಕೋಬೇಡ... ತಿಳ್ಕೋಬೇಡಿ. ಬೇರೇನೂ ಹೊಳೀಲಿಲ್ಲ. ಮತ್ತೆ, ಆ ಸಿಸ್ಟಮ್ಮಿನ ಪಾಸ್‌ವರ್ಡು ಒಂಚೂರು ಕಳಿಸ್ತೀಯಾ... ಕಳಿಸ್ತೀರಾ, ಮೇಡಂ?” ಅವಳು ಅಲ್ಲೇ ನಿಂತು ಟೈಪಿಸಿ ಕಳಿಸಿದಳು.

ಸಂಜೆ ಪುಟ್ಟಯ್ಯ ಫ್ಲೆಕ್ಸನ್ನು ಮನೆಗೆ ಹೊತ್ತು ತಂದ. ಕತ್ತರಿ ಹಿಡಿದು ಕೂತು ಕೆಳಗಿನ ಸಾಲನ್ನು ನೀಟಾಗಿ ಕತ್ತರಿಸಿ ಒಲೆಗೆ ಹಾಕಿ, ಉಳಿದದ್ದನ್ನು ಹಿತ್ತಿಲ ಸೌದೆಯ ಮೇಲೆ ಹೊದಿಸಿದ. “ದರಿದ್ರದವಳು, ಎಂಥಾ ಕೈಯೋ ಅವಳದ್ದು” ಎಂದು ಆ ಡಿಸೈನಿಗೆ ಶಾಪ ಹಾಕಿ, “ಆದ್ರೂ ನಿನ್ನ ಮುಖ ಮಾತ್ರ ಲಕ್ಷಣವಾಗಿ ಮಾಡಿದಾಳೆ ಮಗಳೇ” ಎಂದ.

ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ ಇಂಪನಾ ಎಂದಿನಂತೆ ಊಟದ ಡಬ್ಬಿ ಹಿಡಿದು ಬಸ್ಸು ಹತ್ತಿದಳು. ಹತ್ತದೆ ಇರುವುದು ಹೇಗೆ? ಅಪ್ಪ ಅಂಟು ಹಾಕಿದ ಚಪ್ಪಲಿ ತೊಡಿಸಿ ಗೇಟಿನವರೆಗೆ ಬಂದಿದ್ದ. ಕಿಟಕಿಯ ಪಕ್ಕ ಕೂತು, ಶಿವಮೊಗ್ಗದಲ್ಲಿ ಸಂಜೆಯವರೆಗೆ ಎಲ್ಲಿ ಕೂರುವುದೆಂದು ಲೆಕ್ಕ ಹಾಕುತ್ತಿರುವಾಗ, ಹೊಸ ಡಬ್ಬಿ ಹಿಡಿದ ಯೋಗೇಶ್ ಬಂದು ಪಕ್ಕದಲ್ಲಿ ಕೂತ. ಬಗಲಲ್ಲಿ ಒಂದು ದಿಂಬು.

“ನೀವು ಹೇಳಿದ್ರಲ್ಲ ಅಕ್ಕ, ತಂದಿದೀನಿ” ಎಂದು ನಕ್ಕ. “ಮೊದಲ ಕೆಲಸ ಏನು ಗೊತ್ತಾ? ನಿಮ್ಮ ಫ್ಲೆಕ್ಸೇ. ಸುಬ್ಬಪ್ಪ ಸಾರ್ ಹೊಸದು ಬೇಕೇ ಬೇಕು ಅಂದ್ರಂತೆ. ಈ ಸಲ ಸರ್ಕಲ್ಲಲ್ಲೇ ಹಾಕ್ತಾರಂತೆ. ಹತ್ತು ಬೈ ಹನ್ನೆರಡು.”

“ಓ” ಎಂದಳು ಇಂಪನಾ.

“ಜಯಕುಮಾರ್ ಸಾರ್ ರಾತ್ರಿನೇ ಪಾಸ್‌ವರ್ಡ್ ಕಳಿಸಿದ್ರು. ಆ ಹಳೇ ಹುಡುಗಿ ಇಟ್ಟಿದ್ದಂತೆ. ಏನಿತ್ತು ಗೊತ್ತಾ ಅಕ್ಕ? ‘ಸ್ವಲ್ಪ ದಿನಕ್ಕೆ ಮಾತ್ರ’ ಅಂತ.” ಯೋಗೇಶ್ ದಿಂಬನ್ನು ತೊಡೆಯ ಮೇಲೆ ಇಟ್ಟುಕೊಂಡ. “ಪಾಪ ಅನ್ನಿಸ್ತು. ನಾನು ಬದಲಾಯಿಸಲ್ಲ ಬಿಡಿ. ನಂಗೂ ಇದು ಸ್ವಲ್ಪ ದಿನಕ್ಕೆ ಅಷ್ಟೇ.”

ಇಂಪನಾ ಬಾಯಿ ತೆರೆದಳು. ಅವನ ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲಿನ ದಿಂಬು ನೋಡಿದಳು.

“ನೀವು ಎಲ್ಲಿ ಇಳೀತೀರ ಅಕ್ಕ?”

“ಮುಂದೆ” ಎಂದಳು. ಅದೂ ನಿಜವೇ.

ನೆಹರೂ ರಸ್ತೆಯ ಹತ್ತಿರ ಅವನು ಇಳಿದು, ಕೈ ಬೀಸಿ, ಬೇಕರಿಯ ಗಲ್ಲಿಗೆ ತಿರುಗಿದ. ಮಹಡಿಯ ಆರನೇ ಮೆಟ್ಟಿಲು ಮುರಿದಿದೆ, ನೋಡಿ ಹತ್ತು ಎಂದು ಕೂಗಿ ಹೇಳಬೇಕೆನ್ನಿಸಿತು ಅವಳಿಗೆ. ಹೇಳಲಿಲ್ಲ. ಅದನ್ನೂ, ಉಳಿದ ಯಾವುದನ್ನೂ ಯಾರಿಗೂ ಹೇಳುವುದಿಲ್ಲವೆಂದು ನಿರ್ಧರಿಸಿ, ಡಬ್ಬಿಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು, ಬಸ್ಸು ಹೋದಷ್ಟು ದೂರ ಹೋದಳು.